ಶಾಲೆಯ ಟ್ರಸ್ಟಿಯನ್ನು ಆರಿಸುವ ಭಕ್ತರು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾನು ವಿದ್ವಾಂಸನಲ್ಲ. ನೀರಾವರಿ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕಾಲುವೆ, ತೂಬು, ಟೆಂಡರು, ಬಿಲ್ಲು ಎಂದುಕೊಂಡು ಕಳೆದ ಎಂಜಿನಿಯರ್. "ಕೆನಡಾಕ್ಕೆ ಹೋಗಿ ಆರು ತಿಂಗಳು ಇದ್ದು ಬಂದಿರಿ, ಅಲ್ಲಿ ಕಂಡದ್ದನ್ನು ಹೇಳಿ" ಎಂದು ಶ್ರೀಗಳು ಅಪ್ಪಣೆ ಮಾಡಿದರು. ನಯಾಗರ ಜಲಪಾತದ ವರ್ಣನೆಯನ್ನು ತಾವು ನಿರೀಕ್ಷಿಸಿರಬಹುದು. ಅದನ್ನೂ ನೋಡಿದೆ. ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಬೇರೆ ಒಂದು ಸಂಗತಿ. ಅಲ್ಲಿ ಕ್ಯಾಥೊಲಿಕ್ ಶಾಲೆಗಳನ್ನು ನಡೆಸುವ ಟ್ರಸ್ಟಿಗಳನ್ನು ಕ್ಯಾಥೊಲಿಕ್ ಭಕ್ತರೇ ಮತ ಹಾಕಿ ಆರಿಸುತ್ತಾರೆ. ಇವತ್ತಿನ ನನ್ನ ಮಾತು ಅಷ್ಟರ ಮೇಲೆಯೇ.

ನನ್ನ ಮಗಳ ಸಂಸಾರ ಇರುವುದು ಟೊರಾಂಟೊ ಪಕ್ಕದ ಬ್ರಾಂಪ್ಟನ್ ನಗರದಲ್ಲಿ, ಒಂಟಾರಿಯೊ ಪ್ರಾಂತದಲ್ಲಿ. 2022ರ ಆಗಸ್ಟಿನಲ್ಲಿ ನಾನು ಅಲ್ಲಿ ಇಳಿದಾಗ ಮೊಮ್ಮಗ ಒಂಬತ್ತನೇ ತರಗತಿಗೆ ಹೊಸ ಶಾಲೆ ಸೇರುವ ತಯಾರಿಯಲ್ಲಿದ್ದ. ಯಾವ ಶಾಲೆಯೆಂದು ಕೇಳಿದೆ. "ಕ್ಯಾಥೊಲಿಕ್ ಹೈಸ್ಕೂಲು, ಅಜ್ಜಾ" ಎಂದ. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಹುಡುಗ ಪಾದ್ರಿಗಳ ಶಾಲೆಗೆ ಹೋಗುತ್ತಾನೆಯೇ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಮಗಳು ನಕ್ಕಳು. "ಅಪ್ಪಾ, ಇದು ಪಾದ್ರಿಗಳ ಶಾಲೆ ಅಲ್ಲ, ಸರ್ಕಾರಿ ಶಾಲೆ. ಫೀಸಿಲ್ಲ, ಮನೆಗೆ ಹತ್ತಿರ. ಹೈಸ್ಕೂಲಿಗೆ ಯಾವ ಧರ್ಮದ ಮಕ್ಕಳನ್ನೂ ಸೇರಿಸಿಕೊಳ್ಳುತ್ತಾರೆ. ಧರ್ಮಪಾಠ ಬೇಡ ಅಂತ ಬರೆದುಕೊಟ್ಟರೆ ಬಿಡುತ್ತಾರೆ" ಎಂದಳು. ಕ್ಯಾಥೊಲಿಕ್ಕೂ ಹೌದು, ಸರ್ಕಾರಿಯೂ ಹೌದು ಎಂದರೆ ಹೇಗೆ? ನಮ್ಮ ಇಲಾಖೆಯ ಬುದ್ಧಿಗೆ ಅದು ಹೊಳೆಯಲಿಲ್ಲ.

ಹೊಳೆಯಿಸಿದವರು ಎದುರು ಮನೆಯವರು. ಮಂಗಳೂರು ಕಡೆಯ ಕ್ಯಾಥೊಲಿಕ್ ಹಿರಿಯರು. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಮೂವತ್ತು ವರ್ಷದ ಹಿಂದೆ ಆ ದೇಶಕ್ಕೆ ಹೋದವರು. ಹಿಂದೆ ಬೇರೆ ಊರಿನಲ್ಲಿದ್ದಾಗ ಒಂದು ಅವಧಿ ಕ್ಯಾಥೊಲಿಕ್ ಶಾಲಾ ಮಂಡಳಿಯ ಟ್ರಸ್ಟಿಯಾಗಿದ್ದರು. ಆ ವರ್ಷ ತಮ್ಮ ಚರ್ಚಿನ ಒಬ್ಬ ತಾಯಿ ಟ್ರಸ್ಟಿ ಚುನಾವಣೆಗೆ ನಿಂತಿದ್ದರಿಂದ ಅವರ ಪರವಾಗಿ ಮನೆಮನೆಗೆ ಹೋಗುತ್ತಿದ್ದರು. "ಮನೆಯಲ್ಲಿ ಕೂತು ಎಂತ ಮಾಡ್ತೀರಿ ಸರ್, ನನ್ನೊಟ್ಟಿಗೆ ನಡೀರಿ. ಕಾಲಿಗೂ ವ್ಯಾಯಾಮ ಆಗ್ತದೆ" ಎಂದರು. ಹೋದೆ.

ಹೊರಡುವ ಮೊದಲ ದಿನವೇ ಒಂದು ಪಾಠ ಆಯಿತು. ಕರಪತ್ರದ ಖರ್ಚಿಗೆ ಇರಲಿ ಎಂದು ನಾನು ಐವತ್ತು ಡಾಲರ್ ತೆಗೆದು ಕೊಟ್ಟೆ. ಅವರು ಬೆಂಕಿ ಮುಟ್ಟಿದವರಂತೆ ಕೈ ಹಿಂದೆಗೆದುಕೊಂಡರು. "ಬೇಡ ಮಾರಾಯ್ರೆ. ನೀವು ಒಂಟಾರಿಯೊದ ಖಾಯಂ ನಿವಾಸಿ ಅಲ್ಲ. ನಿಮ್ಮಿಂದ ದುಡ್ಡು ತಕೊಂಡ್ರೆ ಅದು ಅಪರಾಧ. ನಡೀಲಿಕ್ಕೆ ಅಡ್ಡಿ ಇಲ್ಲ." ಕಂಪನಿಗಳೂ ಕಾರ್ಮಿಕ ಸಂಘಗಳೂ ಅಭ್ಯರ್ಥಿಗೆ ಒಂದು ಕಾಸು ಕೊಡುವಂತಿಲ್ಲ. ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಹೆಚ್ಚೆಂದರೆ 1,200 ಡಾಲರ್ ಕೊಡಬಹುದು. ಶಾಲಾ ಟ್ರಸ್ಟಿಯಂಥ ಸಣ್ಣ ಹುದ್ದೆಗೂ ಇದೇ ನಿಯಮ.

ಈಗ ಆ ವ್ಯವಸ್ಥೆ ಹೇಗೆ ಬಂತೆಂದು ಹೇಳುತ್ತೇನೆ. ಹತ್ತೊಂಬತ್ತನೇ ಶತಮಾನದಲ್ಲಿ ಒಂಟಾರಿಯೊದಲ್ಲಿ ಪ್ರಾಟೆಸ್ಟಂಟರು ಬಹುಸಂಖ್ಯಾತರು. ಸರ್ಕಾರಿ ಶಾಲೆಗಳೂ ಅವರದೇ ರೀತಿಯವು. ಬಡ ಐರಿಷ್ ವಲಸಿಗರೂ ಫ್ರೆಂಚರೂ ಸೇರಿದ ಕ್ಯಾಥೊಲಿಕ್ಕರು ತಮಗೆ ಪ್ರತ್ಯೇಕ ಶಾಲೆ ಬೇಕೆಂದು ಹೋರಾಡಿದರು. ನೆರೆಯ ಕ್ವಿಬೆಕ್‌ನಲ್ಲಿ ಲೆಕ್ಕ ತಿರುವುಮುರುವು: ಅಲ್ಲಿ ಕ್ಯಾಥೊಲಿಕ್ಕರು ಹೆಚ್ಚು, ಪ್ರಾಟೆಸ್ಟಂಟರು ಕಡಿಮೆ. 1863ರಲ್ಲಿ ಕ್ಯಾಥೊಲಿಕ್ ಶಾಲೆಗಳ ಹಕ್ಕನ್ನು ಭದ್ರಪಡಿಸುವ ಕಾನೂನು ಬಂತು. 1867ರಲ್ಲಿ ಕೆನಡಾ ಒಂದು ದೇಶವಾಗಿ ಕೂಡಿದಾಗ ಎರಡೂ ಕಡೆಯ ಅಲ್ಪಸಂಖ್ಯಾತರ ಶಾಲೆಗಳಿಗೆ ಸಂವಿಧಾನದ 93ನೇ ಕಲಮಿನಲ್ಲಿ ರಕ್ಷಣೆ ಕೊಟ್ಟರು. ಆದರೂ ಮೇಲಿನ ತರಗತಿಗಳಿಗೆ ಪೂರ್ತಿ ಹಣ ಸಿಗಲು ನೂರು ವರ್ಷದ ಮೇಲೆ ಕಾಯಬೇಕಾಯಿತು. 1984ರ ಜೂನ್ 12ರಂದು ಅಲ್ಲಿನ ಮುಖ್ಯಮಂತ್ರಿ ವಿಲಿಯಂ ಡೇವಿಸ್ ಪೂರ್ಣ ಅನುದಾನ ಘೋಷಿಸಿದರು. 1987ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು.

ಇವತ್ತು ಒಂಟಾರಿಯೊದಲ್ಲಿ 72 ಜಿಲ್ಲಾ ಶಾಲಾ ಮಂಡಳಿಗಳಿವೆ. ಇಂಗ್ಲಿಷ್ ಸಾರ್ವಜನಿಕ 31, ಇಂಗ್ಲಿಷ್ ಕ್ಯಾಥೊಲಿಕ್ 29, ಫ್ರೆಂಚ್ ಸಾರ್ವಜನಿಕ 4, ಫ್ರೆಂಚ್ ಕ್ಯಾಥೊಲಿಕ್ 8. ಹಣವೆಲ್ಲ ಪ್ರಾಂತ ಸರ್ಕಾರದ ಸೂತ್ರದಂತೆ ಬರುತ್ತದೆ. ಹಿಂದೆ ಮಂಡಳಿಗಳಿಗೇ ತೆರಿಗೆ ಹಾಕುವ ಅಧಿಕಾರವಿತ್ತು. 1990ರ ದಶಕದ ಕೊನೆಗೆ ಅದನ್ನು ತೆಗೆದುಕೊಂಡರು. ಬ್ರಾಂಪ್ಟನ್ ಸೇರುವುದು ಡಫರಿನ್–ಪೀಲ್ ಕ್ಯಾಥೊಲಿಕ್ ಮಂಡಳಿಗೆ. ಸುಮಾರು ನೂರೈವತ್ತು ಶಾಲೆ, ಹನ್ನೊಂದು ಚುನಾಯಿತ ಟ್ರಸ್ಟಿಗಳು. ಅಷ್ಟು ದೊಡ್ಡ ಸಂಸ್ಥೆ ನಮ್ಮ ಕಡೆ ಇದ್ದರೆ ಅದರ ಅಧ್ಯಕ್ಷರ ಕಾರಿನ ಹಿಂದೆ ಎಷ್ಟು ಕಾರು ಓಡುತ್ತಿದ್ದವು ಎಂದು ತಾವೇ ಊಹಿಸಿಕೊಳ್ಳಿ.

ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ನಗರಸಭೆಯ ಚುನಾವಣೆಯ ದಿನವೇ ನಡೆಯುತ್ತದೆ. ಆ ವರ್ಷ ಅದು ಅಕ್ಟೋಬರ್ 24. ನಾಮಪತ್ರಕ್ಕೆ ನೂರು ಡಾಲರ್. ಪಕ್ಷವಿಲ್ಲ, ಚಿಹ್ನೆಯಿಲ್ಲ. ನಿಲ್ಲುವವರು ಕೆನಡಾದ ಪ್ರಜೆ, ಹದಿನೆಂಟು ತುಂಬಿದವರು, ಆ ಮಂಡಳಿಯ ವ್ಯಾಪ್ತಿಯ ನಿವಾಸಿ, ಜೊತೆಗೆ ಕ್ಯಾಥೊಲಿಕ್ ಆಗಿದ್ದು ಕ್ಯಾಥೊಲಿಕ್ ಶಾಲೆಯ ಬೆಂಬಲಿಗರೆಂದು ದಾಖಲಾದವರು ಆಗಿರಬೇಕು. ಮತ ಹಾಕುವವರಿಗೂ ಹಾಗೆಯೇ. ಒಂದೇ ಬೀದಿಯ ಎದುರುಬದುರು ಮನೆ: ಆ ಹಿರಿಯರಿಗೆ ಕ್ಯಾಥೊಲಿಕ್ ಟ್ರಸ್ಟಿಯ ಮತಪತ್ರ, ನನ್ನ ಮಗಳಿಗೆ ಸಾರ್ವಜನಿಕ ಮಂಡಳಿಯ ಮತಪತ್ರ. ಇನ್ನೊಂದು ನಿಯಮ ನನ್ನ ಗಮನ ಸೆಳೆಯಿತು. ಶಾಲಾ ಮಂಡಳಿಯ ನೌಕರರು ನಿಲ್ಲಬೇಕಾದರೆ ಸಂಬಳವಿಲ್ಲದ ರಜೆ ಹಾಕಬೇಕು, ಗೆದ್ದರೆ ರಾಜೀನಾಮೆ ಕೊಡಬೇಕು.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ನಾವು ಸಂಜೆಹೊತ್ತು ಬಾಗಿಲು ಬಾಗಿಲು ತಟ್ಟಿದೆವು. ಜನ ದೇವರ ಬಗ್ಗೆ ಹೆಚ್ಚೇನೂ ಕೇಳಲಿಲ್ಲ. ಶಾಲೆಯ ಬಸ್ಸು ತಡವಾಗುತ್ತದೆ, ಏನು ಮಾಡುತ್ತೀರಿ? ಆಟಿಸಂ ಇರುವ ನನ್ನ ಮಗನಿಗೆ ಸಹಾಯಕರನ್ನು ಅರ್ಧ ದಿನ ಮಾತ್ರ ಕೊಟ್ಟಿದ್ದಾರೆ, ಯಾಕೆ? ತರಗತಿಯಲ್ಲಿ ಮಕ್ಕಳು ತುಂಬಿಹೋಗಿದ್ದಾರೆ, ಹೊಸ ಕಟ್ಟಡ ಯಾವಾಗ? ಒಬ್ಬ ಅಜ್ಜಿ ಮಾತ್ರ, "ಮಕ್ಕಳಿಗೆ ಪ್ರಾರ್ಥನೆ ಕಲಿಸ್ತಾರೋ ಇಲ್ಲವೋ?" ಎಂದು ಕೇಳಿದಳು. ಅಭ್ಯರ್ಥಿ ತಾಯಿ ಪ್ರತಿಯೊಂದಕ್ಕೂ ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಎಷ್ಟೋ ಬಾರಿ, "ಇದು ಟ್ರಸ್ಟಿಯ ಕೈಯಲ್ಲಿ ಇಲ್ಲ, ಪ್ರಿನ್ಸಿಪಾಲರ ಕೈಯಲ್ಲಿದೆ" ಎಂದು ನೇರವಾಗಿ ಹೇಳಿಬಿಡುತ್ತಿದ್ದರು. ಮತ ಕೇಳಲು ಬಂದವರು ಹೀಗೂ ಹೇಳುತ್ತಾರಾ ಎಂದು ನನಗೆ ಆಶ್ಚರ್ಯ.

ಆ ತಾಯಿ ಗೆಲ್ಲಲಿಲ್ಲ. ಇದನ್ನು ಚಿನ್ನದ ಕಥೆ ಮಾಡಿ ಹೇಳುವುದು ಬೇಡ. ಬಹಳ ಜನ ಮತ ಹಾಕಲೇ ಹೋಗಲಿಲ್ಲ. ಟ್ರಸ್ಟಿ ಎಂದರೆ ಯಾರೆಂದು ಕೇಳಿದ ಕ್ಯಾಥೊಲಿಕ್ಕರನ್ನೂ ನಾನೇ ಕಂಡೆ. ಆ ಪ್ರಾಂತದಲ್ಲಿ ಎಷ್ಟೋ ಟ್ರಸ್ಟಿಗಳು ಎದುರಾಳಿಯೇ ಇಲ್ಲದೆ ಅವಿರೋಧವಾಗಿ ಬರುತ್ತಾರೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಚುನಾವಣೆಯಾದ ಮೇಲಿನ ಸಂಗತಿ. ನಾನು ಊರಿಗೆ ಮರಳಿದ ಮೇಲೆ, 2023ರ ಮಾರ್ಚಿನಲ್ಲಿ, ಎದುರು ಮನೆಯವರು ಫೋನು ಮಾಡಿದ್ದರು. ಸೋತ ಆ ತಾಯಿ ಊಟದ ಮೇಜಿನ ಮೇಲೆ ರಸೀದಿ ಹರಡಿಕೊಂಡು ಲೆಕ್ಕ ಬರೆಯುತ್ತಿದ್ದಾರಂತೆ. ಗೆದ್ದವರಷ್ಟೇ ಅಲ್ಲ, ಸೋತವರೂ ಚುನಾವಣಾ ಖರ್ಚಿನ ಲೆಕ್ಕ ಸಲ್ಲಿಸಬೇಕು. ಸಲ್ಲಿಸದಿದ್ದರೆ ಗೆದ್ದವರ ಸ್ಥಾನ ಹೋಗುತ್ತದೆ. ಸೋತವರು ಮುಂದಿನ ಚುನಾವಣೆಗೆ ನಿಲ್ಲುವಂತಿಲ್ಲ. ಆ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು.

ಇನ್ನು ಗೆದ್ದವರ ಕೆಲಸವೇನು? ಅಧಿಕಾರ ಸಿಕ್ಕ ಮೇಲೆ ಟ್ರಸ್ಟಿ ಶಾಲೆಗೆ ಹೋಗಿ ಮೇಷ್ಟ್ರನ್ನು ಗದರಿಸಬಹುದೇ, ತಮ್ಮವನಿಗೆ ಕೆಲಸ ಕೊಡಿಸಬಹುದೇ ಎಂದು ನಾನು ಕೇಳಿದೆ. ಎದುರು ಮನೆಯವರು ಗಟ್ಟಿಯಾಗಿ ನಕ್ಕರು. "ಒಬ್ಬ ಟ್ರಸ್ಟಿಗೆ ಒಂದು ಚಾಕ್‌ಪೀಸು ತರಿಸುವ ಅಧಿಕಾರವೂ ಇಲ್ಲ ಸರ್. ಅಧಿಕಾರ ಇರುವುದು ಸಭೆಗೆ. ಸಭೆ ಮುಗಿದ ಮೇಲೆ ನಾನು ಬರೀ ಒಬ್ಬ ಮನುಷ್ಯ."

ಕಾನೂನು ಹೇಳುವುದೂ ಅದನ್ನೇ. ಮಂಡಳಿ ನೇಮಿಸಿಕೊಂಡು ನೇರವಾಗಿ ವಿಚಾರಿಸುವುದು ಶಿಕ್ಷಣ ನಿರ್ದೇಶಕರೆಂಬ ಒಬ್ಬ ಅಧಿಕಾರಿಯನ್ನು. ದಿನದಿನದ ಆಡಳಿತ ಅವರದು. ಟ್ರಸ್ಟಿಗಳು ಸೇರಿ ಮಾಡಬೇಕಾದ್ದು ನೀತಿ ರೂಪಿಸುವುದು, ಕೊರತೆಯಿಲ್ಲದ ಬಜೆಟ್ ಒಪ್ಪುವುದು, ಯಾವ ಬಡಾವಣೆಯ ಮಕ್ಕಳು ಯಾವ ಶಾಲೆಗೆ ಎಂಬ ಗಡಿ ನಿರ್ಧರಿಸುವುದು, ವಿದ್ಯಾರ್ಥಿಯನ್ನು ಶಾಲೆಯಿಂದ ಹೊರಹಾಕುವ ಪ್ರಸಂಗ ಬಂದರೆ ವಿಚಾರಣೆ ನಡೆಸುವುದು, ಪಾಲಕರ ಮಾತನ್ನು ಸಭೆಗೆ ತರುವುದು. ಇದಕ್ಕೆ ಸಂಬಳವಿಲ್ಲ, ಗೌರವಧನವಿದೆ. ಮೂಲ ಮೊತ್ತ ವರ್ಷಕ್ಕೆ ಹೆಚ್ಚೆಂದರೆ 5,900 ಡಾಲರ್, ಅದರ ಮೇಲೆ ವಿದ್ಯಾರ್ಥಿಗಳ ಸಂಖ್ಯೆ ನೋಡಿ ಒಂದಿಷ್ಟು.

ಟ್ರಸ್ಟಿಯ ಮಗಳು ಅದೇ ಮಂಡಳಿಯಲ್ಲಿ ಶಿಕ್ಷಕಿ ಎಂದುಕೊಳ್ಳಿ. ಶಿಕ್ಷಕರ ಸಂಬಳದ ವಿಷಯ ಬಂದಾಗ ಆ ಟ್ರಸ್ಟಿ ಎದ್ದು ನಿಂತು, "ಇದರಲ್ಲಿ ನನ್ನ ಹಿತ ಸೇರಿದೆ" ಎಂದು ಸಭೆಯ ಮುಂದೆ ಹೇಳಬೇಕು. ಚರ್ಚಿಸುವಂತಿಲ್ಲ, ಮತ ಹಾಕುವಂತಿಲ್ಲ. ಗಂಡ, ಹೆಂಡತಿ, ಮಕ್ಕಳು, ತಂದೆತಾಯಿಯ ಲಾಭವೆಲ್ಲ ಕಾನೂನಿನ ಕಣ್ಣಿಗೆ ಟ್ರಸ್ಟಿಯದೇ ಲಾಭ. ಟೆಂಡರು ತೆರೆಯುವ ಕೋಣೆಯಲ್ಲಿ ಮೂವತ್ತು ವರ್ಷ ಕೂತವನಾದ ನನಗೆ ಈ ಒಂದು ನಿಯಮದ ಬೆಲೆ ಎಷ್ಟೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ನವೆಂಬರಿನ ಒಂದು ರಾತ್ರಿ ಅವರು ನನ್ನನ್ನು ಒಂದು ಕ್ಯಾಥೊಲಿಕ್ ಮಂಡಳಿಯ ಸಭೆಗೆ ಕರೆದೊಯ್ದರು. ನೀನು ಯಾರು, ಯಾಕೆ ಬಂದೆ ಎಂದು ಬಾಗಿಲಲ್ಲಿ ಯಾರೂ ಕೇಳಲಿಲ್ಲ. ಪ್ರಾರ್ಥನೆಯಿಂದ ಸಭೆ ಆರಂಭವಾಯಿತು. ವಿಷಯಪಟ್ಟಿ ಮೊದಲೇ ಪ್ರಕಟವಾಗಿತ್ತು. ಒಬ್ಬ ತಾಯಿ ತನ್ನ ಮಗಳಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲವೆಂದೂ ತರಗತಿಯಲ್ಲಿ ಕೊಟ್ಟ ಉಪಕರಣ ತಿಂಗಳುಗಟ್ಟಲೆ ಕೆಟ್ಟು ಬಿದ್ದಿದೆಯೆಂದೂ ಹೇಳಿಕೊಂಡಳು. ಅವಳ ಧ್ವನಿ ನಡುಗುತ್ತಿತ್ತು. ಕೊಟ್ಟ ನಿಮಿಷ ಮುಗಿಯುವವರೆಗೆ ಮೇಜಿನ ಸುತ್ತ ಕೂತವರು ಯಾರೂ ಅಡ್ಡ ಬಾಯಿ ಹಾಕಲಿಲ್ಲ. ಕೊನೆಗೆ ಒಬ್ಬ ಟ್ರಸ್ಟಿ, ಇದಕ್ಕೆ ಲಿಖಿತ ಉತ್ತರ ಯಾವ ದಿನ ಬರುತ್ತದೆ ಎಂದು ನಿರ್ದೇಶಕರನ್ನು ಕೇಳಿ ಆ ದಿನಾಂಕವನ್ನು ನಡಾವಳಿಯಲ್ಲಿ ಬರೆಸಿದರು. ಮೇಜಿನ ತುದಿಯಲ್ಲಿ ಹೈಸ್ಕೂಲಿನ ಒಬ್ಬ ಹುಡುಗಿ ಕೂತಿದ್ದಳು. ಅವಳು ವಿದ್ಯಾರ್ಥಿ ಟ್ರಸ್ಟಿ, ವಿದ್ಯಾರ್ಥಿಗಳೇ ಆರಿಸಿ ಕಳಿಸಿದವಳು. ಅವಳ ಮತ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ಅವಳು ಮಾತಾಡಬಹುದು, ತನ್ನ ಅಭಿಪ್ರಾಯ ದಾಖಲಾಗಲಿ ಎಂದು ಕೇಳಬಹುದು. ಆಮೇಲೆ ನಮ್ಮನ್ನೆಲ್ಲ ಹೊರಗೆ ಕಳಿಸಿದರು. ನೌಕರರ ವಿಷಯ, ಜಾಗ ಕೊಳ್ಳುವ ವಿಷಯ, ಕೋರ್ಟು ವ್ಯಾಜ್ಯ, ಮಕ್ಕಳ ಖಾಸಗಿ ವಿಷಯ ಇಂಥವುಗಳಿಗೆ ಮಾತ್ರ ಬಾಗಿಲು ಮುಚ್ಚಬಹುದು ಎಂದು ಕಾನೂನೇ ಪಟ್ಟಿ ಮಾಡಿದೆಯಂತೆ.

ಟ್ರಸ್ಟಿಯಾಗಿದ್ದಾಗ ನಿಮಗೆ ಬಹಳ ಕಷ್ಟವಾದದ್ದು ಯಾವುದು ಎಂದು ದಾರಿಯಲ್ಲಿ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ಕಾರು ಓಡಿಸಿದರು. ಆಮೇಲೆ ಹೇಳಿದರು. ಅವರ ಊರಿನಲ್ಲಿ ಹೊಸ ಶಾಲೆ ಕಟ್ಟಿದಾಗ ಗಡಿ ಬದಲಾಯಿಸಬೇಕಾಯಿತು. ಅವರ ವಾರ್ಡಿನ ಮಕ್ಕಳು ಹತ್ತಿರದ ಹಳೆಯ ಶಾಲೆ ಬಿಟ್ಟು ದೊಡ್ಡ ರಸ್ತೆ ದಾಟಿ ಹೋಗಬೇಕು. ಪಾಲಕರು ಒಪ್ಪಲಿಲ್ಲ. ಇವರು ಸಭೆಯಲ್ಲಿ ಪಾಲಕರ ಪರ ವಾದಿಸಿದರು. ಮತಕ್ಕೆ ಹಾಕಿದಾಗ ಐದಕ್ಕೆ ಮೂರರಿಂದ ಸೋತರು. ಅಲ್ಲಿಯ ಶಿಕ್ಷಣ ಕಾನೂನಿನ ಪ್ರಕಾರ ಠರಾವು ಪಾಸಾದ ಮೇಲೆ ವಿರುದ್ಧ ಮತ ಹಾಕಿದ ಟ್ರಸ್ಟಿಯೂ ಅದರ ಜಾರಿಗೆ ಬದ್ಧರಾಗಿರಬೇಕು.

"ಭಾನುವಾರ ಪೂಜೆ ಮುಗಿಸಿ ಇಗರ್ಜಿ ಹೊರಗೆ ಬಂದೆ. ಮೂವತ್ತು ಮಂದಿ ನಿಂತಿದ್ರು. 'ನೀವು ನಮ್ಮವರಲ್ವಾ, ಹೇಗೆ ಬಿಟ್ಟುಕೊಟ್ರಿ?' ಅಂತ ಒಬ್ಬರು ಕೇಳಿದ್ರು. ನಾನು ವಿರುದ್ಧ ಮತ ಹಾಕಿದ್ದೆ ಅಂತ ಹೇಳಿ ಕೈ ತೊಳ್ಕೊಳ್ಳಬಹುದಿತ್ತು. ಆದ್ರೆ ಆ ಐದು ಮಂದಿಗೂ ಕಾರಣ ಇತ್ತು ಸರ್. ಹಳೆ ಶಾಲೆಯಲ್ಲಿ ಮಕ್ಕಳು ತುಂಬಿ, ಅಂಗಳದಲ್ಲಿ ತಾತ್ಕಾಲಿಕ ಕೋಣೆ ಇಟ್ಟು ಪಾಠ ಮಾಡ್ತಿದ್ರು. ಮೊದಲು ಅವರ ಕಾರಣ ಹೇಳಿದೆ, ಆಮೇಲೆ ನನ್ನದು ಹೇಳಿದೆ. ರಸ್ತೆ ದಾಟಿಸುವ ಕಾವಲುಗಾರನನ್ನು ಕೇಳಿ ಪಡೆದೆ. ಅಷ್ಟೇ ಆದದ್ದು. ಮರುವರ್ಷದ ಚುನಾವಣೆಯಲ್ಲಿ ಆ ಬೀದಿಯವರೇ ನನ್ನನ್ನು ಸೋಲಿಸಿದ್ರು." ಅವರ ಮಾತಿನಲ್ಲಿ ಕಹಿ ಇರಲಿಲ್ಲ.

ಇಲ್ಲಿ ಕೂತವರಲ್ಲಿ ಕೆಲವರಿಗೆ ಒಂದು ಪ್ರಶ್ನೆ ಎದ್ದಿರುತ್ತದೆ. ಹಾಗಾದರೆ ಅವರ ಗುರುಗಳ ಸ್ಥಾನವೇನು? ನಾನೂ ಕೇಳಿದೆ. ಬಿಷಪ್ಪರು ಟ್ರಸ್ಟಿಯನ್ನು ನೇಮಿಸುವುದಿಲ್ಲ, ತೆಗೆಯುವುದೂ ಇಲ್ಲ. ಧರ್ಮಬೋಧೆ ಸರಿಯಾಗಿದೆಯೇ ಎಂದು ಹೇಳುವ ಗೌರವ ಅವರದು. ಬಜೆಟ್ಟು, ಕಟ್ಟಡ, ನೇಮಕ ಟ್ರಸ್ಟಿಗಳ ಮಂಡಳಿಯದು. ಟ್ರಸ್ಟಿಗಳ ಮೇಲೆ ಶಾಸನಸಭೆಯ ಕಾನೂನಿದೆ. ಈ ಮೂರರ ನಡುವೆ ತಿಕ್ಕಾಟವೂ ಆಗಿದೆ. 2012ರಲ್ಲಿ ಪ್ರಾಂತ ಸರ್ಕಾರ ಕಿರುಕುಳ ತಡೆಯುವ ಕಾನೂನು ತಂದು, ಸಲಿಂಗಿ ವಿದ್ಯಾರ್ಥಿಗಳು ಮತ್ತು ಅವರ ಗೆಳೆಯರು ಶಾಲೆಯಲ್ಲಿ ತಮ್ಮದೇ ಹೆಸರಿನ ಸಂಘ ಕಟ್ಟಿಕೊಳ್ಳಲು ಕೇಳಿದರೆ ಯಾವ ಮಂಡಳಿಯೂ ನಿರಾಕರಿಸುವಂತಿಲ್ಲ ಎಂದಿತು. ಚರ್ಚಿನ ಹಿರಿಯರು ಬಹಿರಂಗವಾಗಿ ವಿರೋಧಿಸಿದರು. ಕಾನೂನು ಜಾರಿಗೆ ಬಂತು. ಟ್ರಸ್ಟಿಯಾದವರು ಒಂದು ಕಡೆ ಶ್ರದ್ಧೆಯನ್ನೂ ಇನ್ನೊಂದು ಕಡೆ ಸಂಕಟದಲ್ಲಿರುವ ಮಗುವನ್ನೂ ಇಟ್ಟುಕೊಂಡು ನಿರ್ಧರಿಸಬೇಕಾಗಿ ಬಂತು. ಸುಲಭದ ಪೀಠವಲ್ಲ ಅದು.

ಹೀಗೆಂದು ಅಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳಿದರೆ ತಮಗೆ ಮೋಸ ಮಾಡಿದಂತೆ. ಮೊದಲ ದೋಷ, ಒಂದೇ ಧರ್ಮಕ್ಕೆ ಈ ಸವಲತ್ತು. ಯಹೂದಿ, ಸಿಖ್, ಹಿಂದೂ, ಮುಸ್ಲಿಂ ಶಾಲೆಗಳಿಗೆ ಇಂಥ ಅನುದಾನವಿಲ್ಲ. ವಾಲ್ಡ್‌ಮನ್ ಎಂಬ ಯಹೂದಿ ತಂದೆಯ ದೂರಿನ ಮೇಲೆ 1999ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದನ್ನು ತಾರತಮ್ಯವೆಂದು ಹೇಳಿತು. 2007ರಲ್ಲಿ ಜಾನ್ ಟೋರಿ ಎಂಬ ಪಕ್ಷನಾಯಕರು ಎಲ್ಲ ಧರ್ಮದ ಶಾಲೆಗಳಿಗೂ ಅನುದಾನ ಕೊಡುವ ಭರವಸೆಯಿಟ್ಟು ಚುನಾವಣೆಗೆ ಹೋದರು, ಸೋತರು. ಕ್ವಿಬೆಕ್ ಮತ್ತು ನ್ಯೂಫೌಂಡ್‌ಲ್ಯಾಂಡ್ ಪ್ರಾಂತಗಳು ಸಂವಿಧಾನ ತಿದ್ದುಪಡಿ ಮಾಡಿಸಿಕೊಂಡು 1998ರ ಹೊತ್ತಿಗೆ ಧರ್ಮಾಧಾರಿತ ಮಂಡಳಿಗಳನ್ನೇ ಕೈಬಿಟ್ಟವು. ನನ್ನ ಮಗಳನ್ನೇ ನೋಡಿ. ಅವಳು ಕೆನಡಾದ ಪ್ರಜೆ, ತೆರಿಗೆ ಕಟ್ಟುತ್ತಾಳೆ, ಮಗ ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಓದುತ್ತಾನೆ. ಆ ಶಾಲೆಯ ಟ್ರಸ್ಟಿಯನ್ನು ಆರಿಸುವ ಮತ ಮಾತ್ರ ಅವಳಿಗಿಲ್ಲ. ನಾನು ಇದನ್ನು ಹೇಳಿದಾಗ ಎದುರು ಮನೆಯವರು ಸಮರ್ಥಿಸಿಕೊಳ್ಳಲಿಲ್ಲ. "ನಮ್ಮ ಅಜ್ಜಂದಿರು ಕಷ್ಟಪಟ್ಟು ಪಡೆದದ್ದು, ಬಿಡ್ಲಿಕ್ಕೆ ಮನಸ್ಸಿಲ್ಲ. ಆದ್ರೆ ನಿಮ್ಮ ಮಗಳಿಗೆ ಕೊಡ್ಲಿಕ್ಕೆ ನನ್ನತ್ರ ಉತ್ತರವೂ ಇಲ್ಲ" ಎಂದರು.

ಎರಡನೆಯ ದೋಷ, ಆರಿಸಿ ಬಂದವರೂ ತಪ್ಪುತ್ತಾರೆ. 2008ರಲ್ಲಿ ಟೊರಾಂಟೊ ಕ್ಯಾಥೊಲಿಕ್ ಮಂಡಳಿಯ ಟ್ರಸ್ಟಿಗಳ ಖರ್ಚುವೆಚ್ಚ ಹಗರಣವಾಗಿ, ಬಜೆಟ್ಟೂ ಸರಿಹೊಂದದೆ, ಸರ್ಕಾರ ಮೇಲ್ವಿಚಾರಕರನ್ನು ಕೂರಿಸಿತು. 2024ರಲ್ಲಿ ಬ್ರಾಂಟ್–ಹಾಲ್ಡಿಮಂಡ್–ನಾರ್ಫೋಕ್ ಎಂಬ ಸಣ್ಣ ಕ್ಯಾಥೊಲಿಕ್ ಮಂಡಳಿಯ ನಾಲ್ವರು ಟ್ರಸ್ಟಿಗಳು ಹೊಸ ಶಾಲೆಗಳಿಗೆ ಧಾರ್ಮಿಕ ಕಲಾಕೃತಿ ಕೊಳ್ಳಲೆಂದು ಇಟಲಿಗೆ ಹೋಗಿಬಂದರು. ಪ್ರಯಾಣಕ್ಕೇ ನಲವತ್ತು ಸಾವಿರ ಡಾಲರಿಗೂ ಹೆಚ್ಚು. ಸುದ್ದಿ ಹೊರಬಿದ್ದು ಪಾಲಕರು ಉರಿದುಬಿದ್ದರು. 2025ರ ಜೂನಿನಲ್ಲಿ ಹಣಕಾಸಿನ ಕಾರಣ ಕೊಟ್ಟು ಸರ್ಕಾರ ನಾಲ್ಕು ದೊಡ್ಡ ಮಂಡಳಿಗಳಿಗೆ ಒಟ್ಟಿಗೆ ಮೇಲ್ವಿಚಾರಕರನ್ನು ನೇಮಿಸಿತು. ಅದರಲ್ಲಿ ನಾನು ಹೇಳಿದ ಡಫರಿನ್–ಪೀಲ್ ಕೂಡ ಒಂದು. ಚುನಾಯಿತ ಟ್ರಸ್ಟಿಗಳ ಅಧಿಕಾರ ಮೇಲ್ವಿಚಾರಕರ ಕೈಗೆ ಹೋಯಿತು. ಟ್ರಸ್ಟಿಗಳೇ ಬೇಕೇ ಎಂಬ ಚರ್ಚೆಯೂ ಅಲ್ಲಿ ಜೋರಾಗಿದೆ. ಎದುರು ಮನೆಯವರಿಗೆ ಇದರಿಂದ ಬಹಳ ದುಃಖ. "ತಪ್ಪು ಮಾಡಿದ ಟ್ರಸ್ಟಿಯನ್ನು ನಾನು ನಾಲ್ಕು ವರ್ಷಕ್ಕೆ ಕಳಿಸಬಹುದು. ಮೇಲ್ವಿಚಾರಕ ತಪ್ಪಿದ್ರೆ ಯಾರ ಬಾಗಿಲು ತಟ್ಟೋಣ?" ಎಂದು ಫೋನಿನಲ್ಲಿ ಕೇಳಿದರು.

ಶರಣ ಬಂಧುಗಳೇ, ಇಷ್ಟನ್ನೂ ಹೇಳಿದ್ದು ಬೇರೆಯವರ ಮನೆ ಹೊಗಳಲಿಕ್ಕೂ ಅಲ್ಲ, ತೆಗಳಲಿಕ್ಕೂ ಅಲ್ಲ. ಆ ನವೆಂಬರಿನ ರಾತ್ರಿ ಸಭೆಯಿಂದ ಬಂದು ಅವರ ಮನೆಯಲ್ಲಿ ಚಹಾ ಕುಡಿಯುವಾಗ ನಾನು ಸ್ವಲ್ಪ ಹೆಮ್ಮೆಯಿಂದಲೇ, "ನಾನೂ ನಮ್ಮ ಕಡೆ ಒಂದು ವಿದ್ಯಾಸಂಸ್ಥೆಯ ಡೈರೆಕ್ಟರು" ಎಂದೆ. ಅವರು ಸಹಜವಾಗಿ ಕೇಳಿದರು: "ಹೌದಾ? ನಿಮ್ಮನ್ನು ಆರಿಸಿದ್ದು ಯಾರು?"

ನನ್ನ ಬಳಿ ಉತ್ತರವಿರಲಿಲ್ಲ. ನಿವೃತ್ತನಾದ ಮೇಲೆ ಅಧ್ಯಕ್ಷರು ಫೋನು ಮಾಡಿ, "ನಿಮ್ಮಂಥ ಪ್ರಾಮಾಣಿಕರು ಬೇಕು" ಎಂದಿದ್ದರು, ಬಂದಿದ್ದೆ. ಅಷ್ಟೇ. ಆಮೇಲೆ ಮಾತಿಗೆ ಮಾತು ಬಂದು ಒಂದು ಶಾಲೆಯ ವಿಷಯ ಹೇಳಿದೆ. 2019ರಲ್ಲಿ ನಮ್ಮ ಸಂಸ್ಥೆ ಒಂದು ಹಳ್ಳಿಯ ಕನ್ನಡ ಪ್ರಾಥಮಿಕ ಶಾಲೆಯನ್ನು ಮುಚ್ಚಿತು. ಮಕ್ಕಳು ನಲವತ್ತೊಂದು. ತಾಲೂಕು ಊರಿನ ನಮ್ಮ ಶಾಲೆಗೆ ಸೇರಿಸುವುದೆಂದು ಠರಾವು. ಸಿಪಾಯಿ ಠರಾವಿನ ಪುಸ್ತಕ ಮನೆಗೆ ತಂದ. ನಾನು ಎಂಜಿನಿಯರನಂತೆ ಕಟ್ಟಡದ ಸ್ಥಿತಿ ಓದಿದೆ, ಛಾವಣಿ ಸೋರುತ್ತದೆ ಎಂದಿತ್ತು, ಸಹಿ ಹಾಕಿದೆ. ಚಹಾ ಆರುವುದರೊಳಗೆ ಕೆಲಸ ಮುಗಿದಿತ್ತು. ಎದುರು ಮನೆಯವರು ಒಂದೇ ಪ್ರಶ್ನೆ ಕೇಳಿದರು: "ಆ ಮಕ್ಕಳ ತಾಯಂದಿರು ಎಂತ ಹೇಳಿದ್ರು ಸರ್?" ನನಗೆ ಗೊತ್ತಿರಲಿಲ್ಲ. ಯಾರೂ ಅವರನ್ನು ಕೇಳಿರಲಿಲ್ಲ. ಅವರದೇ ಪ್ರಾಂತದಲ್ಲಿ ಶಾಲೆ ಮುಚ್ಚುವ ಮೊದಲು ಬಹಿರಂಗ ಸಭೆ ಕರೆದು ಊರವರ ಮಾತು ಕೇಳಲೇಬೇಕೆಂಬ ನಿಯಮವಿತ್ತು. ಆದರೂ ಗ್ರಾಮಾಂತರದವರ ಅಸಮಾಧಾನ ತೀರದೆ 2017ರಿಂದ ಶಾಲೆ ಮುಚ್ಚುವ ಹೊಸ ಪ್ರಕ್ರಿಯೆಗಳನ್ನೇ ಸರ್ಕಾರ ತಡೆಹಿಡಿದಿತ್ತು.

ಫೆಬ್ರವರಿಯಲ್ಲಿ ಊರಿಗೆ ಬಂದವನು ಮೊದಲು ಆ ಹಳ್ಳಿಗೆ ಹೋದೆ. ಶಾಲೆಯ ಕಟ್ಟೆಯ ಮೇಲೆ ಗೋವಿನಜೋಳ ಒಣಗಲು ಹಾಕಿದ್ದರು. ಕಾಯುತ್ತ ಕೂತ ಅಜ್ಜಿಯನ್ನು ಮಾತಾಡಿಸಿದೆ. "ಗಂಡುಡುಗ್ರು ಹೋಗ್ತಾವ್ರಿ. ಬಸ್ಸು ಯಾಳೇಕ ಬರೂದಿಲ್ಲ, ಹೊತ್ತು ಮುಣಗಿದ ಮ್ಯಾಲ ಹುಡುಗ್ಯಾರು ಹೆಂಗ ಬರಬೇಕ್ರಿ? ನಮ್ಮನಿ ಎರಡೂ ಹುಡುಗ್ಯಾರನ್ನ ಬಿಡಿಸಿಬಿಟ್ವಿ" ಎಂದಳು. ಆಮೇಲೆ ನನ್ನನ್ನು ನೋಡಿ, "ನೀವು ಯಾರ್ರಿ ಸಾಹೇಬ್ರ?" ಎಂದಳು. ಸಂಸ್ಥೆಯ ಡೈರೆಕ್ಟರ್ ಎಂದೆ. "ಹಂಗಾರ ಆವಾಗ ಎಲ್ಲಿದ್ರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಜೋಳ ಹರಡತೊಡಗಿದಳು.

ಟ್ರಸ್ಟಿಗೆ ನಮ್ಮಲ್ಲಿ ಧರ್ಮದರ್ಶಿ ಎಂಬ ದೊಡ್ಡ ಹೆಸರಿದೆ. ಆ ದಿನ ನಾನು ಯಾವ ಧರ್ಮವನ್ನು ದರ್ಶಿಸಿದ್ದೆ?

ಅದಾದ ಮೇಲಿನ ಆಡಳಿತ ಮಂಡಳಿ ಸಭೆಯಲ್ಲಿ ಮೂರು ಸೂಚನೆ ಇಟ್ಟೆ. ಪಾಲಕರೇ ಆರಿಸಿದ ಇಬ್ಬರಿಗೆ ಮಂಡಳಿಯಲ್ಲಿ ಸ್ಥಾನ ಕೊಡಿ. ವರ್ಷದ ಲೆಕ್ಕವನ್ನು ಪ್ರತಿ ಶಾಲೆಯ ಸೂಚನಾ ಫಲಕದಲ್ಲಿ ಹಚ್ಚಿ. ಯಾವ ಶಾಲೆಯನ್ನು ಮುಚ್ಚುವುದಿದ್ದರೂ ಮೊದಲು ಆ ಊರಿನಲ್ಲೇ ಸಭೆ ಕರೆಯಿರಿ. ಮೊದಲನೆಯದಕ್ಕೆ ಬೈಲಾ ಅಡ್ಡ ಬರುತ್ತದೆ ಎಂದರು. ಎರಡನೆಯದನ್ನು ಮುಂದಕ್ಕೆ ಹಾಕಿದರು, ಇನ್ನೂ ಮುಂದಕ್ಕೇ ಇದೆ. ಮೂರನೆಯದು ಪಾಸಾಯಿತು. ಅದರಿಂದ ಒಂದು ಊರಿನ ಶಾಲೆ ಉಳಿದಿದೆ. ಆ ಅಜ್ಜಿಯ ಮೊಮ್ಮಕ್ಕಳು ಮಾತ್ರ ಶಾಲೆಗೆ ಮರಳಲಿಲ್ಲ, ವಯಸ್ಸು ದಾಟಿತ್ತು. ಕೆಲವು ಮಿತ್ರರು ನನ್ನ ಮೇಲೆ ಮುನಿಸಿಕೊಂಡರು, "ಕೆನಡಾ ನೋಡಿ ಬಂದು ತಲೆ ತಿರುಗಿದೆ" ಎಂದರು.

ಎಲ್ಲರೂ ಒಟ್ಟಿಗೆ ಕೂತು, ಮೇಲುಕೀಳಿಲ್ಲದೆ ಪ್ರಶ್ನೆ ಕೇಳಿ ಉತ್ತರ ಪಡೆಯುವ ರೂಢಿ ನಮಗೆ ಕೆನಡಾದಿಂದ ಬರಬೇಕಾಗಿಲ್ಲ. ಹನ್ನೆರಡನೇ ಶತಮಾನದ ಅನುಭವ ಮಂಟಪದ ಹೆಸರು ಹ��ಳುವ ನಾವು ಅದನ್ನು ಭಾಷಣದಲ್ಲಿ ಇಟ್ಟುಕೊಂಡೆವು, ಆಡಳಿತ ಮಂಡಳಿಯ ಕೋಣೆಗೆ ತರಲಿಲ್ಲ. ಒಂಟಾರಿಯೊದ ಕಾನೂನನ್ನು ಇಲ್ಲಿ ನಕಲು ಮಾಡಿ ಎಂದು ನಾನು ಹೇಳುವುದಿಲ್ಲ. ಅದರ ದೋಷಗಳನ್ನು ಕಂಡಿದ್ದೇನೆ. ಚುನಾವಣೆಯಿಂದ ಒಳ್ಳೆಯವರೇ ಬರುತ್ತಾರೆಂಬ ಭರವಸೆಯೂ ಇಲ್ಲ. ಆದರೆ ಆರಿಸಿ ಬಂದವರನ್ನು "ಆವಾಗ ಎಲ್ಲಿದ್ರಿ?" ಎಂದು ಕೇಳುವ ಹಕ್ಕು ಆ ಬೀದಿಯವರಿಗಿತ್ತು, ಕೇಳಿದರು, ಸೋಲಿಸಿದರು. ನನ್ನನ್ನು ಕೇಳಿದ ಅಜ್ಜಿಗೆ ನನ್ನನ್ನು ಸೋಲಿಸುವ ದಾರಿಯೇ ಇರಲಿಲ್ಲ.

ಇಲ್ಲಿ ಬೇರೆ ಬೇರೆ ಸಂಸ್ಥೆಗಳ ಸದಸ್ಯರು, ನಿರ್ದೇಶಕರು ಬಹಳ ಜನ ಕೂತಿದ್ದೀರಿ. ಒಂದೇ ವಿನಂತಿ. ಮುಂದಿನ ಸಾರಿ ಠರಾವಿನ ಪುಸ್ತಕ ಮನೆಗೆ ಬಂದಾಗ ಪೆನ್ನು ತೆಗೆಯುವ ಮುಂಚೆ, ಇದನ್ನು ಯಾರನ್ನು ಕೇಳಿ ಬರೆದಿರಿ ಎಂದು ಕೇಳಿರಿ. ಉತ್ತರ ಸಿಗದಿದ್ದರೆ ಪುಸ್ತಕವನ್ನು ವಾಪಸು ಕಳಿಸಿರಿ. ಸಿಪಾಯಿ ಇನ್ನೊಮ್ಮೆ ಬರಲಿ.